ಚಿಂಗಿಗೆ ಹೊಟ್ಟೆ ಬಂದ ಸುದ್ದಿ

ಮುಧೋಳ
೪ ಜನವರಿ ೨೦೨೫, ಶನಿವಾರ

ಪ್ರೀತಿಯ ಮುತ್ತಕ್ಕನಿಗೆ, ನಿನ್ನ ತಂಗಿ ಮಧು ಮಾಡುವ ನಮಸ್ಕಾರಗಳು.

ನಾವು ಇಲ್ಲಿ ಇದ್ದೇವೆ, ನೀವು ಹುನ್ನೂರಿನಲ್ಲಿ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಎಳ್ಳ ಅಮಾವಾಸ್ಯೆಗೆಂದು ನೀನು ಮುರಗೆಪ್ಪ ಕಾಕಾನ ಕೈಯಲ್ಲಿ ಕಳಿಸಿದ ಶೇಂಗಾ ಹೋಳಿಗೆ ಮುಟ್ಟಿದವು. ಮುಟ್ಟಿದವು ಎಂದು ಒಂದು ಫೋನನ್ನೂ ಮಾಡಲಿಲ್ಲ, ಸಿಟ್ಟಾಗಬೇಡ. ಈ ಮನೆಯಲ್ಲಿ ಫೋನ್ ಎಂದರೆ ಪಡಸಾಲೆಯ ಮಾತು. ನಿನ್ನ ಹೆಸರು ಕಂಡರೆ ಸಾಕು, ಅತ್ತೆ "ಸ್ಪೀಕರ್ ಹಚ್ಚವಾ, ನಾನೂ ಮಾತಾಡ್ತೀನಿ" ಅನ್ನುತ್ತಾರೆ. ಅದಕ್ಕೇ ಕಾಲೇಜು ಬಿಟ್ಟ ಮೇಲೆ ಮೊದಲ ಸಲ ಹಾಳೆ ಪೆನ್ನು ಹಿಡಿದು ಕೂತಿದ್ದೇನೆ. ಕಾಕಾ ನಾಳೆ ಮತ್ತೆ ನಿಮ್ಮೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತೇನೆ.

ವಿಷಯ ಏನೆಂದರೆ ಅಕ್ಕ, ನನಗೆ ಸಾಕಾಗಿದೆ. ತೂಕ ಇಳಿಸುವುದೂ ಸಾಕಾಗಿದೆ, ಅದು ಇಳಿಯದಿರುವುದೂ ಸಾಕಾಗಿದೆ. ಮೊಣಕಾಲು ನೋಡಿದ ಡಾಕ್ಟರು "ತೂಕ ಇಳಿಸ್ರಿ, ಇಲ್ಲಂದ್ರ ಮುಂದ ಮೆಟ್ಟಲಾ ಹತ್ತಾಕ ಆಗಂಗಿಲ್ಲ" ಎಂದಾಗಿನಿಂದ ನನ್ನ ನೆಗೆಣ್ಣಿ ತಾರವ್ವನ ಶೇಕ್ ಕ್ಲಬ್ಬಿಗೆ ಹೋಗುತ್ತಿದ್ದೇನಲ್ಲ. ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಅವಳ ಪಡಸಾಲೆಯಲ್ಲಿ ಸೇರುತ್ತೇವೆ. ಡಬ್ಬಿಯ ಪುಡಿಯನ್ನು ನೀರಿಗೆ ಕದಡಿ ಕುಡಿಯಬೇಕು. ಮಧ್ಯಾಹ್ನ ಒಂದು ರೊಟ್ಟಿ, ರಾತ್ರಿ ಮತ್ತೆ ಅದೇ ಪುಡಿ. ಕುಡಿಯುವ ಮೊದಲು ಎಲ್ಲರೆದುರು ತೂಕದ ಕಾಟಾದ ಮೇಲೆ ನಿಲ್ಲಬೇಕು. ಇಳಿದವರಿಗೆ ಚಪ್ಪಾಳೆ, ಏರಿದವರಿಗೆ ವಿಚಾರಣೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳೂ ನನ್ನಷ್ಟು ಸಲ ಕಾಟಾ ಹತ್ತಿರಲಿಕ್ಕಿಲ್ಲ.

ಮೊದಮೊದಲು ಇಳಿದೆ. ಈಗ ಮುಳ್ಳು ಅಲ್ಲಿಂದ ಕದಲಲೊಲ್ಲದು. ಕಳೆದ ವಾರ ತಾರವ್ವ ಎಲ್ಲರ ಮುಂದೆ, "ಮಧು, ಖರೆ ಹೇಳ, ಕದ್ದು ಬೆಲ್ಲಾ ತಿನ್ನಾಕತ್ತಿ ಹೌದಿಲ್ಲೋ?" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು "ಎಮ್ಮಿ ಆಗೀದಿ, ಎಮ್ಮಿ" ಎಂದು ಬಾಯಿಗೆ ಬಂದಂತೆ ಬೈದುಕೊಂಡೆ. ದಿನವೂ ಬೈದುಕೊಳ್ಳುತ್ತೇನೆ, ಅದೇನು ಹೊಸದಲ್ಲ.

ಬನಹಟ್ಟಿಯ ಅನುರಾಧಾ, ನನ್ನ ಕಾಲೇಜಿನ ಗೆಳತಿ, ಜಮಖಂಡಿಯ ಒಬ್ಬ ಆಹಾರ ತಜ್ಞೆಯ ಹತ್ತಿರ ತೋರಿಸಿಕೊಳ್ಳುತ್ತಿದ್ದಾಳೆ. "ಪುಡಿ ಗಿಡಿ ಏನಿಲ್ಲಲೇ ಅಲ್ಲಿ. ರೊಟ್ಟಿ, ಪಲ್ಯಾ, ಮೊಸರು ಹದಾ ನೋಡಿ ತಿನ್ನು ಅಂತಾರ, ನಡಿ ಅಂತಾರ. ಮಂದಿ ಮುಂದ ತೂಗಂಗಿಲ್ಲ" ಎಂದಳು. ಆ ಕೊನೆಯ ಮಾತು ಕೇಳಿಯೇ ನನಗೆ ಅಲ್ಲಿಗೆ ಹೋಗಬೇಕೆನಿಸಿದೆ. ಆದರೆ ತಾರವ್ವನ ಕ್ಲಬ್ ಬಿಟ್ಟರೆ ಬರೀ ಕ್ಲಬ್ ಬಿಟ್ಟಂತಲ್ಲ. ಎರಡೂ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಇವರನ್ನು, ಅದೇ ನಿನ್ನ ಮೈದುನರನ್ನು, ಕೇಳಿದರೆ, "ತಾರವ್ವ ವೈನಿ ಏನ ತಿಳ್ಕೋತಾರ? ಕ್ಲಬ್ ಬದಲಿ ಮಾಡಿದ್ರ ಮೈ ಬದಲಿ ಅಕ್ಕೈತೇನ?" ಅನ್ನುತ್ತಾರೆ. ಅತ್ತೆಯದು ಇದ್ದೇ ಇದೆ, ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು. ಮೊದಲನೆಯದನ್ನು ನನಗೆ ಹೇಳಿ ಎರಡನೆಯದನ್ನು ತಾವು ಮರೆಯುತ್ತಾರೆ.

ಒಂದು ನಗುವ ಸುದ್ದಿ ಹೇಳುತ್ತೇನೆ. ಇವರು ಸಾಕಿದ ಚಿಂಗಿ ಗೊತ್ತಲ್ಲ, ಪಕ್ಕೆಲುಬು ಎಣಿಸುವಂತಿರುವ ನಮ್ಮೂರ ಬೇಟೆ ನಾಯಿ. ಅದಕ್ಕೆ ಹೊಟ್ಟೆ ಬಂದಿದೆ! ಮರಿ ಹಾಕುತ್ತದೆಂದು ದನದ ಡಾಕ್ಟರಿಗೆ ತೋರಿಸಿದರೆ ಅವರು, "ಮರಿ ಇಲ್ಲ ಏನಿಲ್ಲ, ಇದಕ್ಕ ರೊಟ್ಟಿ ಹೆಚ್ಚಾಗ್ಯಾವು" ಎಂದರಂತೆ. ಅಂದಿನಿಂದ ಇವರು ನನ್ನನ್ನು ಬಿಡಲೊಲ್ಲರು. "ನೀ ಇಳೀಲಿಲ್ಲ, ಚಿಂಗಿ ಏರ್ತು. ನಿನ್ನ ಪಾಲಿನ ರೊಟ್ಟಿ ಅದು ತಿಂದ್ರ, ನೀ ಏನ ತಿನ್ನಾಕತ್ತಿ?" ನಾನು ಅದಕ್ಕೆ ಚೂರೂ ಹಾಕಿಲ್ಲ ಎಂದರೆ ಯಾರೂ ನಂಬುವುದಿಲ್ಲ.

ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಮಗಳು ಪೂನಮ್ ಹತ್ತನೆಯ ತರಗತಿಯ ಓದು ಒಂದು ದಿನ ಬದಿಗಿಟ್ಟು ಬಂದಿದ್ದಳು. ಪೂಜೆಯಾಗಿ ಚರಗ ಚೆಲ್ಲುವಾಗ ಹಿರಿಯರು ಎಡೆಯ ಅಡಿಗೆಯನ್ನು ಒಂದೊಂದು ಹಿಡಿ ಬೆಳೆಗೆ ಎರಚಿದರೆ, ಇವಳು ತನ್ನ ತಾಟು ಹಿಡಿದುಕೊಂಡು ಜೋಳದ ಸಾಲುಗಳಲ್ಲಿ ಆ ತುದಿಯವರೆಗೆ ಹೋದಳು. ಸಜ್ಜೆ ರೊಟ್ಟಿ, ಬದನೆಕಾಯಿ, ನಿನ್ನ ಹೋಳಿಗೆ, ಎಲ್ಲವನ್ನೂ ಭೂಮಿತಾಯಿಗೆ ಉಣಿಸಿ ಖಾಲಿ ತಾಟು ತಂದಳು. "ಈಗಿನ ಹುಡುಗ್ಯಾರೊಳಗ ಇಂಥಾ ಭಕ್ತಿ ಎಲ್ಲೈತಿ?" ಎಂದು ಅತ್ತೆ ಅವಳ ದೃಷ್ಟಿ ತೆಗೆದರು. ನನಗೂ ಹೆಮ್ಮೆಯಾಯಿತು. ನಿನ್ನ ಹೋಳಿಗೆ ನಾನು ಅರ್ಧ ತಿಂದೆ, ತಾರವ್ವ ನನ್ನ ತಾಟನ್ನೇ ನೋಡುತ್ತಿದ್ದಳು.

ಈಗ ನೀನೇ ಹೇಳು. ಇಲ್ಲೇ ಪುಡಿ ಕುಡಿಯುತ್ತ ಇರಲೋ, ಜಮಖಂಡಿಯ ಬಸ್ಸು ಹತ್ತಲೋ? ನನಗೆ ವಿಚಾರ ಮಾಡುವ ಶಕ್ತಿಯೂ ಉಳಿದಿಲ್ಲ. ಮಾಮಾನವರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಆಶೀರ್ವಾದ, ಹೊಟ್ಟೆ ತುಂಬ ಉಂಡು ಚೆನ್ನಾಗಿರಲಿ.

ನಿನ್ನ
ಮಧುಮತಿ

ತಾ.ಕ.: ಭಾನುವಾರ ಮಧ್ಯಾಹ್ನ. ಕಾಕಾ ಸಂಜೆ ಹೊರಡುತ್ತಾನಂತೆ, ಮಡಿಚಿಟ್ಟ ಕಾಗದ ಮತ್ತೆ ಬಿಚ್ಚಿದ್ದೇನೆ. ನಿನ್ನೆ ಇದನ್ನು ಬರೆಯಲೆಂದೇ ಕೂತಿದ್ದೆ ಅಕ್ಕ, ಧೈರ್ಯ ಸಾಲದೆ ಬೇರೆಲ್ಲ ಬರೆದೆ.

ಶುಕ್ರವಾರ ಬೆಳಿಗ್ಗೆ ಹಿತ್ತಲಿಗೆ ಹೋದಾಗ ಪೂನಮ್ ತನ್ನ ರೊಟ್ಟಿ ಮುರಿದು ಮುರಿದು ಚಿಂಗಿಗೆ ಹಾಕುತ್ತಿದ್ದಳು. ರಟ್ಟೆ ಹಿಡಿದೆ. ಸ್ವೆಟರಿನೊಳಗೆ ರಟ್ಟೆ ಎಲ್ಲಿದೆ ಎಂದು ಹುಡುಕುವಂತಾಯಿತು. "ಯಾವಾಗಿಂದ ನಡಸೀದಿ ಇದನ್ನ?" ಎಂದೆ. "ನೀ ಕ್ಲಬ್ಬಿಗೆ ಹ್ವಾದಾಗಿಂದ" ಎಂದಳು. ಚರಗದ ದಿನವೂ ಒಂದು ತುತ್ತು ತಿಂದಿರಲಿಲ್ಲವಂತೆ. ಯಾಕೆಂದು ಕೇಳಿದರೆ ಏನೆಂದಳು ಗೊತ್ತೇ? "ಎಲ್ಲಾರೂ ನನಗ ಅವ್ವನ ಪಡಿಯಚ್ಚು ಅಂತಾರ. ನೀ ದಿನಾ ಕನ್ನಡಿ ಮುಂದ ನಿಂತು ಬೈಕೋತಿ. ಆ ಬೈಗಳಾ ನನಗೂ ಹತ್ತತಾವಲ್ಲ, ಅವ್ವಾ."

ಎಲ್ಲಿಗೆ ಹೋಗಬೇಕೆಂದು ನೀನು ಹೇಳುವುದು ಬೇಡ. ಜಮಖಂಡಿಗೆ ಹೋಗುತ್ತೇನೆ, ಆದರೆ ಮೊದಲು ತೋರಿಸುವುದು ಅವಳನ್ನು. ನೀನು ಸಂಕ್ರಾಂತಿಗೆ ತಪ್ಪದೆ ಬಾ, ಬಂದು ನಾಲ್ಕು ದಿನ ಇರು. ಇವತ್ತು ತಾರವ್ವನ ಮನೆಗೆ ಹೋಗಲಿಲ್ಲ, ಕನ್ನಡಿಯ ಮುಂದೆಯೂ ನಿಲ್ಲಲಿಲ್ಲ. ಈಗ ಪೂನಮ್ ಎದುರಿಗೆ ಕೂತು ಎರಡು ರೊಟ್ಟಿ ತಿಂದೆ. ಅವಳು ಒಂದು ಚೂರು ಮುರಿದು ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಾಳೆ. ಚಿಂಗಿ ಬಾಗಿಲಲ್ಲಿ ಕಾಯುತ್ತ ಕೂತಿದೆ.