ತುಟಿಯ ಮೇಲಿನ ಗಡಿಯಾರ

ಮಾರ್ಚ್ 3, ಬೆಳಿಗ್ಗೆ

…ಅದಕ್ಕೇ ನಿನ್ನೆ ಬರೆದದ್ದು, ತಪ್ಪು ಕ್ಯಾಮೆರಾದ್ದಲ್ಲ, ನನ್ನದೇ ಎಂದು. ಗಂಟೆ, ನಿಮಿಷ, ಸೆಕೆಂಡು ಎಲ್ಲ ಚಿತ್ರದ ಮೇಲೆ ಮೂಡಲಿ ಎಂದು ಗುಂಡಿ ಒತ್ತಿದವನು ನಾನು. ಎವಿಡೆನ್ಸ್ ಇರಬೇಕು, ಎಂದಿದ್ದೆ. ನನ್ನ ಹೆಂಡತಿ ಕುಳ್ಳಿ. ಬಾಗಿಲ ಚೌಕಟ್ಟು ಪೂರ್ತಿ ಬರಲೆಂದು ಕ್ಯಾಮೆರಾ ಎತ್ತಿ ಹಿಡಿದೆ, ಅವಳ ಮುಖ ಅಂಕಿ ಮೂಡುವ ಕೆಳ ಅಂಚಿಗೆ ಇಳಿಯಿತು. ಇಪ್ಪತ್ತೇಳು ವರ್ಷದಿಂದ ಅವಳ ಬಾಯಿ ಮೇಲೆ ಬಿಳಿ ಅಂಕಿಗಳು ಓಡುತ್ತಿವೆ.

ಈ ಮನೆಗೆ ಬಂದ ದಿನದ ಟೇಪು. ಅವಳನ್ನು ಒಂದು ಮಾತೂ ಕೇಳದೆ ಮನೆ ಗೊತ್ತು ಮಾಡಿದ್ದೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾಳೆ. ಧ್ವನಿ ಇಲ್ಲ, ಮೈಕು ಕೆಟ್ಟಿತ್ತು. ಕಾಣುವುದು ಗಂಟಿಕ್ಕಿದ ಹುಬ್ಬು ಮಾತ್ರ. ಮನೆ ಹಿಡಿಸಿತೇ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಈಗ ಕೇಳುವುದು ಯಾರನ್ನು?

ಮಾರ್ಚ್ 4

ಮಗಳು ಫೋನಿನಲ್ಲಿ ಹೇಳಿಕೊಟ್ಟಳು. ಕಂಪ್ಯೂಟರಿನಲ್ಲಿ ಅಂಕಿಗಳ ಮೇಲೆ ಕೆಂಪು ಬಳಿದರೆ ಪ್ರೋಗ್ರಾಮು ಅವನ್ನು ಅಳಿಸಿ, ಹಿಂದೆ ಏನಿರಬಹುದೋ ಊಹಿಸಿ ತುಂಬುತ್ತದಂತೆ. ಮೂರು ಗಂಟೆ ಕೂತೆ. ಅಂಕಿ ಹೋಯಿತು, ಬಾಯಿ ಬಂತು. ಬಹಳ ಚಂದದ ಬಾಯಿ. ಅವಳದಲ್ಲ. ಮಗಳಿಗೆ ಕಳಿಸಿದೆ. ತಕ್ಷಣ ಫೋನು.

"ಅಪ್ಪಾ, ಇದ್ಯಾರು? ಅಮ್ಮನ ಸೊಟ್ಟ ಹಲ್ಲೆಲ್ಲಿ?"

"ಪ್ರೋಗ್ರಾಮು ನೆಟ್ಟಗೆ ಮಾಡಿದೆ ಕಣೇ."

"ಬದುಕಿದ್ದಾಗ ಡಾಕ್ಟ್ರಿಗೇ ಮುಟ್ಟೋಕೆ ಬಿಡ್ಲಿಲ್ಲ. ಈಗ ನೀವು ಕದ್ದು ಮಾಡಿಸ್ತೀರಾ?"

ಅಳಿಸಿಬಿಟ್ಟೆ.

ಮಾರ್ಚ್ 9

ಐದು ದಿನ ಆ ಕಡೆ ತಲೆ ಹಾಕಲಿಲ್ಲ. ಟು ಬಿ ಫ್ರ್ಯಾಂಕ್, ಹೆದರಿಕೆ. ನಿಜವಾದ ಬಾಯಿ ಸಿಕ್ಕಿ, ಅದು ಬೈಯುತ್ತಿದ್ದರೆ?

ಇಂದು, ಕಂಪ್ಯೂಟರಿಗೆ ಇಳಿಸಲು ಕೊಟ್ಟಿದ್ದ ಮೂಲ ಟೇಪು ವಾಪಸು ತರಲು ವಿಡಿಯೋ ಅಂಗಡಿಗೆ ಹೋದೆ. ಅಂಗಡಿಯವನಿಗೆ ಎಲ್ಲ ಒದರಿದೆ.

"ಊಹೆ ಯಾಕೆ ಸಾರ್? ಗಡಿಯಾರ ಓಡ್ತಾ ಇದೆಯಲ್ಲ. ಎಂಟರ ಅಂಕಿ ದಪ್ಪ, ಒಂದರದು ತೆಳ್ಳಗೆ. ಎಂಟರ ಹಿಂದೆ ಅಡಗಿದ್ದು ಒಂದು ಬಂದಾಗ ಕಾಣುತ್ತೆ. ಆ ಚೂರುಗಳನ್ನೇ ಹೆಕ್ಕಿ ಅಂಟಿಸಿ. ಪುರುಸೊತ್ತು ಬೇಕು, ಅಷ್ಟೆ."

"ಅದೊಂದೇ ಇರೋದು ನನ್ನ ಹತ್ರ," ಎಂದೆ.

ಕಾಲೇಜಿನಲ್ಲಿ ಹಿಸ್ಟರಿ ಮೇಷ್ಟ್ರು ಬಡಿದುಕೊಳ್ಳುತ್ತಿದ್ದರು — ಪ್ರೈಮರಿ ಸೋರ್ಸ್, ಪ್ರೈಮರಿ ಸೋರ್ಸ್… ಮುಂದಿನದು ಮರೆತಿದೆ.

ಮಾರ್ಚ್ 11, ಮಧ್ಯಾಹ್ನ

ಸಿಕ್ಕಿತು. ಹನ್ನೊಂದು ಗಂಟೆ, ಹನ್ನೊಂದು ನಿಮಿಷ, ಹನ್ನೊಂದನೇ ಸೆಕೆಂಡು. ಆರೂ ಅಂಕಿಗಳು ಕಡ್ಡಿ ಕಡ್ಡಿ. ಕಿಟಕಿ ಸರಳಿನ ಆಚೆ ಇದ್ದಂತೆ ಅವಳ ಬಾಯಿ. ಅಗಲವಾಗಿ ತೆರೆದಿದೆ. ಸೊಟ್ಟ ಹಲ್ಲು, ಜಾಗದಲ್ಲೇ. ನಗುತ್ತಿದ್ದಾಳೆ. ಹುಬ್ಬು ಗಂಟಿಕ್ಕಿದ್ದು ಎದುರು ಬಿಸಿಲಿಗೆ.

ಮಗಳಿಗೆ ಫೋನು. "ನಗ್ತಿದಾಳೆ ಕಣೇ."

"ನಗದೆ ಇನ್ನೇನು? ನೀವು ಹಿಂದೆ ಹಿಂದೆ ನಡ್ಕೊಂಡು ಹೋಗಿ ನೀರಿನ ಬಕೆಟಲ್ಲಿ ಕೂತ್ರಿ. ನಾನಲ್ಲೇ ಇದ್ದೆ."

ಅದಕ್ಕೇ ಟೇಪಿನಲ್ಲಿ ಆಮೇಲೆಲ್ಲ ಬರೀ ಛಾವಣಿ. ಕೆಟ್ಟ ಟೇಪು ಎಂದುಕೊಂಡಿದ್ದೆ.

"ಮನೆ ಹಿಡಿಸಿತ್ತಾ ಅವಳಿಗೆ?"

"ಅಡುಗೆಮನೆ ಕತ್ತಲೆ ಅಂತ ದಿನಾ ಬೈತಿದ್ಲು. ಬೇರೆ ಯಾರಾದ್ರೂ ಹಾಗಂದ್ರೆ ಮಾತ್ರ ಜಗಳಕ್ಕೇ ನಿಲ್ತಿದ್ಲು. ಇಷ್ಟು ದಿನ ಇದನ್ನ ಹೊತ್ಕೊಂಡು ಓಡಾಡ್ತಿದ್ರಾ?"

ಫೋನು ಇಟ್ಟೆ. ಎದೆ ಹಗುರ. ಊಟ ಮಾಡಿದ್ದೇ ಗೊತ್ತಾಗಲಿಲ್ಲ, ಎರಡು ಸಲ ಬಡಿಸಿಕೊಂಡೆ.

ಅದೇ ದಿನ, ಸಂಜೆ

ಮೇಲ್ದುಟಿ ಮುಗಿಯಿತು. ಒಂದೊಂದು ಚೂರೂ ಅವಳದೇ, ಊಹೆ ಒಂದೂ ಇಲ್ಲ. ಗಲ್ಲದ ಹತ್ತಿರ ಏನೋ ಕಪ್ಪು ಚುಕ್ಕೆ. ಟೇಪಿನ ಕೊಳೆಯೋ, ಅವಳ ಮಚ್ಚೆಯೋ — ಮಚ್ಚೆ ಬಲಕ್ಕಿತ್ತೋ ಎಡಕ್ಕೋ… ಬೆಳಕು ಹೋಗುತ್ತಿದೆ. ಬರೆದದ್ದೇ ಕಾಣುತ್ತಿಲ್ಲ, ಎದ್ದು ದೀಪ ಹಾಕಿ…