ನೋಡಿಸಿದವಳಿಗೇ ಬಂತು

ಫೆಬ್ರವರಿ 10, ಸೋಮವಾರ

ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟ್. ಇವತ್ತೂ ಟೇಪ್ ಮಷೀನ್ ಕೆಟ್ಟಿತ್ತು, ಬಾಕ್ಸುಗಳಿಗೆಲ್ಲ ಕೈಯಲ್ಲೇ ಟೇಪ್. ಪಕ್ಕದ ಜಾಗ ಮೀನಾಕ್ಷಿಯದು. ಊಟದ ಹೊತ್ತಲ್ಲಿ ಹೇಳಿದಳು. ತಮ್ಮ ಬಾಲುಗೆ ರಕ್ತ ಹಾಕಿಸೋಕೆ ಹೋದಾಗ ಡಾಕ್ಟರು ಕೇಳಿದರಂತೆ — ನಿನ್ನ ಮದುವೆ ಯಾರ ಜೊತೆ?

ಮಾವನ ಮಗ ಮಾಂತೇಶ. ಇವಳು ತೊಟ್ಟಿಲಲ್ಲಿದ್ದಾಗಲೇ ಆದ ಮಾತು.

ಬಾಲುಗೆ ಥಲಸ್ಸೀಮಿಯಾ, ಅಪ್ಪ-ಅವ್ವನಿಂದ ಬರೋ ರಕ್ತದ ಕಾಯಿಲೆ. ಮೀಸೆ ಬರೋ ವಯಸ್ಸು, ನೋಡಿದರೆ ಐದನೇ ಕ್ಲಾಸು. ಅವರ ಅವ್ವ ಕಟ್ಟಿಕೊಂಡದ್ದೂ ಸ್ವಂತ ಸೋದರಮಾವನನ್ನೇ.

"ನನ್ನಾಗೂ ಐತೇನೋ ರುಕ್ಸಾನಾ. ನನ್ನ ಹೊಟ್ಯಾಗ ಇನ್ನೊಬ್ಬ ಬಾಲು ಬಂದ್ರ?"

"ಹುಚ್ಚಿ, ನಿನ್ನ ಗಲ್ಲ ನೋಡ್ಕೊ, ಟಮಾಟಿ ಆಗ್ಯಾವು" ಅಂದೆ. ನಗಲಿಲ್ಲ.

ಫೆಬ್ರವರಿ 19

ಮೀನಾಕ್ಷಿಯ ರಕ್ತ ಟೆಸ್ಟಿಗೆ ಕೊಟ್ಟಾಯ್ತು. ಸೂಪರ್ವೈಸರ್‌ಗೆ ಇಬ್ಬರಿಗೂ ಜ್ವರ ಅಂತ ಸುಳ್ಳು. "ಭಿಯೇನಾಕಾ ಗೋ" ಅಂದಳು ಕೊಂಕಣಿ ನರ್ಸ್, ಹೆದರಬೇಡ ಅಂತ. ಹೆದರಿದ್ದು ನಾನು.

ಮಾರ್ಚ್ 1, ಶನಿವಾರ

ರಿಪೋರ್ಟ್ ಬಂತು. ಕ್ಯಾರಿಯರ್.

ರೋಗದ ಬೀಜ ರಕ್ತದಲ್ಲಿದೆ, ಇವಳಿಗೇನೂ ಆಗೋದಿಲ್ಲವಂತೆ. ಗಂಡನೂ ಕ್ಯಾರಿಯರ್ ಆಗಿದ್ದರೆ ಮಾತ್ರ ಮಕ್ಕಳಿಗೆ ಅಪಾಯ. ಮಾಂತೇಶನ ರಕ್ತವನ್ನೂ ನೋಡಬೇಕು. ಅಷ್ಟೇ ತಾನೇ, ಒಂದು ಸೂಜಿ... ಬಸ್ಸಿನಲ್ಲಿ ಸಮಾಧಾನ ಮಾಡ್ತಾ ಬಂದೆ. ಫೋಂಡಾ ದಾಟಿದ ಮೇಲೆ ಸ್ವಲ್ಪ ಅತ್ತಳು.

ಮಾರ್ಚ್ 9, ಭಾನುವಾರ

ಮೀನಾಕ್ಷಿಯ ಮನೆಗೆ ಮಾಂತೇಶ ಬಂದಿದ್ದ, ಅಪ್ಪನ ಜೊತೆ; ನಾನೂ ಅಲ್ಲಿದ್ದೆ. "ನಂದ್ಯಾಕ? ನಾ ಏನ್ ರೋಗಿ ಅದೀನೇನ?" ಚಹಾ ಅರ್ಧ ಬಿಟ್ಟು ಎದ್ದ. ಮಾವ ಅಂದ, "ನಮ್ಮ ಮನಿತನಕ್ಕ ಹೆಸರಿಡಾಕತ್ತೀರಿ."

ಟೆಸ್ಟ್ ಆಗದೆ ತಾಳಿಗೆ ಕೊರಳು ಕೊಡೋದಿಲ್ಲ ಅಂದಳು ಮೀನಾಕ್ಷಿ, ಎಲ್ಲರ ಮುಂದೆ. ಗಟ್ಟಿ ಹುಡುಗಿ. ಹೆಮ್ಮೆ ಆಯ್ತು ನನಗೆ.

ಮಾರ್ಚ್ 23, ಭಾನುವಾರ

ಸಂಬಂಧ ಮುರಿಯಲಿಲ್ಲ. ಹುಡುಗಿ ಬದಲಾದಳು.

ತಂಗಿ ಪೂಜಾ. ಅವ್ವ ತನ್ನ ಅಣ್ಣನಿಗೆ ಕೊಟ್ಟ ಮಾತು, ಅಕ್ಕ ಒಲ್ಲೆ ಅಂದರೆ ತಂಗಿ — ಅವರಲ್ಲಿ ಹಾಗೇ. ತಡೆಯಲಾರದೆ ಅವರ ಮನೆಗೆ ಹೋದೆ.

"ಅವ್ವಾರ, ಪೂಜಾನ ರಕ್ತಾನೂ ಒಮ್ಮಿ ನೋಡಸ್ರಿ."

"ಯಾಕವಾ? ನೋಡಿಸಿದಾಕಿಗೇ ಬಂತು. ಪೂಜಾ ಚಲೋ ಅದಾಳ, ಸುಮ್ಮ ಇರ್ರಿ."

ಮೀನಾಕ್ಷಿ ತಂಗಿಯ ಕಾಲು ಹಿಡಿಯೋದೊಂದು ಬಾಕಿ. "ನಿನಗ ಹೊಟ್ಟಿಕಿಚ್ಚು ಅಕ್ಕಾ" ಅಂದುಬಿಟ್ಟಳು ಪೂಜಾ. ಹತ್ತೊಂಬತ್ತು ವರ್ಷ. ಬ್ಲೌಸ್ ಡಿಸೈನ್ ನೋಡ್ತಾ ಇದ್ದಳು ಮೊಬೈಲಲ್ಲಿ.

ಮೇ 4

ಪೂಜಾಳ ಮದುವೆ. ಮೀನಾಕ್ಷಿ ಬಡಿಸಿದಳು. "ಅಕ್ಕಗ ಏನೋ ರೋಗ ಐತಂತ" ಅಂತ ಪಂಕ್ತಿಯುದ್ದಕ್ಕೂ ಗುಸುಗುಸು. ಕೇಳಿಸಿಕೊಂಡೇ ಸಾರು ಹಾಕಿದಳು. ಇನ್ನು ಇವಳನ್ನು ಕೇಳಿಕೊಂಡು ಯಾರು ಬರ್ತಾರೆ...

ನಾನೂ ಕುಂತು ಉಂಡು ಬಂದೆ. ಇನ್ನೇನು ಮಾಡಲಿ?

ಅಕ್ಟೋಬರ್ 14, ಮಂಗಳವಾರ

ಬರೆಯೋಕೆ ಮನಸ್ಸೇ ಇರಲಿಲ್ಲ ಇಷ್ಟು ದಿನ.

ಪೂಜಾ ಬಸುರಿ. ಐದರಲ್ಲಿ. ಬಸುರಿ ಅಂತ ಆಸ್ಪತ್ರೆಯವರೇ ರಕ್ತ ನೋಡಿದರು. ಅವಳೂ ಕ್ಯಾರಿಯರ್. ಗಂಡನನ್ನ ಬೇಗ ಕಳಿಸಿ, ಅವನೂ ಕ್ಯಾರಿಯರ್ ಆದರೆ ಹೊಟ್ಟೆಯಲ್ಲಿರೋ ಮಗುವನ್ನೂ ನೋಡಬೇಕು, ಉಳಿಸಿಕೊಳ್ಳೋದೋ ಬೇಡವೋ ಅನ್ನೋಕೆ ದಿನ ಉಳಿದಿಲ್ಲ ಅಂದಿದ್ದಾರೆ. ಮಾಂತೇಶನ ಫೋನ್ ಸ್ವಿಚ್ ಆಫ್. ಪೂಜಾಗೆ ಈಗ ಅಕ್ಕ ಬೇಕು. ದಿನಾ ಫೋನ್, ದಿನಾ ಅಳು.

ಇವತ್ತು ಕ್ಯಾಂಟೀನಲ್ಲಿ ಮೀನಾಕ್ಷಿ ಮೆಲ್ಲಗೆ ಅಂದಳು, "ನಾನೇ ಮಾಂತೇಶನ್ನ ಕಟ್ಕೋಬೇಕಿತ್ತು ರುಕ್ಸಾನಾ. ನನ್ನ ರಕ್ತದಾಗ ಐತಂತ ನನಗ ಗೊತ್ತಿತ್ತು. ನಾ ಹಡೀತಿದ್ದಿಲ್ಲ."

ನಿನ್ನ ತಪ್ಪಲ್ಲ ಅನ್ನೋಕೆ ಹೋದೆ. ಸೈರನ್ ಆಯ್ತು, ಡಬ್ಬಿ ತೊಳೆಯೋಕೆ ಎದ್ದಳು. ನಾಳೆಯಾದರೂ ಹೇಳಬೇಕು. ಏನಂತ —