ಹೆದ್ದಾರಿಯಡಿಯ ಖಾಲಿ ಎಳೆಗಳು

ಜನವರಿ 14, ಮಂಗಳವಾರ

ಇಂಟರ್ನೆಟ್ ಮತ್ತೆ ನಿಂತಿತು. ಓಮಾಹಾ ನಗರದ ಆಸ್ಪತ್ರೆಯ ಪ್ರಿಸಿಲ್ಲಾ ಪರದೆಯ ಮೇಲೆ ಬಾಯಿ ತೆರೆದುಕೊಂಡು ಹಾಗೇ ಕಲ್ಲಾದಳು. ಮಾತಿನ ಚಿಕಿತ್ಸೆ ಕೊಡುವವಳ ತುಟಿಯೇ ಅಲ್ಲಾಡದಿದ್ದರೆ ಇವನು ಕಲಿಯುವುದು ಏನನ್ನು? ಡೆಲ್ಮರ್ ಅವಳನ್ನೇ ನೋಡುತ್ತಾ ತಾನೂ ಬಾಯಿ ತೆರೆದುಕೊಂಡು ಕೂತ. ಅದೇ ಇವತ್ತಿನ ಪಾಠ ಅಂದುಕೊಂಡಿರಬೇಕು, ಪಾಪ. ನನಗೆ ನಗು ಬಂತು. ಆಮೇಲೆ ಕಂಪ್ಯೂಟರನ್ನು ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು.

ಹೋದ ಸೆಪ್ಟೆಂಬರ್‌ವರೆಗೂ ಈ ಸೀಮೆಯ ದನದ ಹರಾಜೆಲ್ಲ ನನ್ನ ಗಂಡ ಡೆಲ್ಮರನ ಬಾಯಲ್ಲೇ. ಉಸಿರು ತೆಗೆದುಕೊಳ್ಳದೆ ಕೂಗುತ್ತಿದ್ದ. ಸ್ಟ್ರೋಕ್ ಆದ ಮೇಲೆ ಎಲ್ಲದಕ್ಕೂ ಒಂದೇ — "ಹೂಂ." ಕಾಫಿಗೂ ಹೂಂ, ಪ್ಯಾಂಟಿಗೂ ಹೂಂ. ಸ್ಟ್ರೋಕ್ ಆದ ಮೊದಲ ವರ್ಷದಲ್ಲಿ ಮಾತು ಸಲೀಸಾಗಿ ಮರಳುತ್ತದೆ, ಆಮೇಲೆ ಕಷ್ಟ, ಎಂದಿದ್ದಾಳೆ ಪ್ರಿಸಿಲ್ಲಾ. ಆ ವರ್ಷ ಹೀಗೆ ಕಲ್ಲಾಗಿ ಕಳೆಯುತ್ತಿದೆ.

ಓಮಾಹಾಗೆ ಕಾರಿನಲ್ಲಿ ಕರೆದೊಯ್ದರೆ ದಾರಿಯುದ್ದಕ್ಕೂ ವಾಂತಿ. ಹತ್ತಿರದ ಪಟ್ಟಣ ವೆಸೆಲಿಯ ಲೈಬ್ರರಿಗೆ ಒಮ್ಮೆ ಕರೆದೊಯ್ದೆ, ಅಲ್ಲಿ ಇಂಟರ್ನೆಟ್ ಸ್ವಲ್ಪ ವಾಸಿ. ಹರಾಜಿಗೆ ಬರುತ್ತಿದ್ದವರು ಇಬ್ಬರು ಸಿಕ್ಕಿ ಬೆನ್ನು ತಟ್ಟಿದರು. ಅಂದಿನಿಂದ ಅಲ್ಲಿಗೆ ಬರಲೊಲ್ಲ.

ಮೈ ಉರಿಯುವುದು ಇದಕ್ಕೆ — ನಮ್ಮ ಗೇಟಿನ ಮುಂದೆಯೇ, ಹೆದ್ದಾರಿಯ ಅಡಿಯಲ್ಲೇ, ರಾಜ್ಯ ಸರ್ಕಾರದ ಫೈಬರ್ ಕೇಬಲ್ ಹೋಗಿದೆ. ನಮ್ಮ ತೆರಿಗೆಯಲ್ಲಿ ಹೂತದ್ದು. ಒಳಗಿನ ಎಳೆಗಳಲ್ಲಿ ಮುಕ್ಕಾಲುಪಾಲು ಖಾಲಿ. ಯಾರಿಗಾದರೂ ಕೊಡಿ ಎಂದರೆ, ಕೊಡುವ ಅಧಿಕಾರ ಯಾರಿಗೂ ಇಲ್ಲವಂತೆ! ರಾಜ್ಯದ ಶಾಸನಸಭೆಯಲ್ಲಿರುವ ನಮ್ಮ ಸೆನೆಟರ್ ಪವೆಲ್ಕಾ ಈಗ ಮಸೂದೆ ತಂದಿದ್ದಾಳೆ. ಖಾಲಿ ಎಳೆಗಳನ್ನು ನೋಡಿಕೊಳ್ಳಲಿಕ್ಕೆ, ಬೇಕಾದ ಊರುಗಳಿಗೆ ಹಂಚಲಿಕ್ಕೆ ಒಂದು ಆಯೋಗ. ಫೆಬ್ರವರಿಯಲ್ಲಿ ರಾಜಧಾನಿಯಲ್ಲಿ ಸಭೆಯ ಸಮಿತಿ ಜನರ ಮಾತು ಕೇಳುತ್ತದೆ.

ಹೋಗುತ್ತೇನೆ. ಒಬ್ಬಳೇ ಅಲ್ಲ.

ಜನವರಿ 26, ಭಾನುವಾರ

ಪೂಜೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಬೀನ್ಸ್-ಮಾಂಸದ ಚಿಲ್ಲಿ ಸಾರು, ಜೊತೆಗೆ ಸಿನಮನ್ ರೋಲ್. ನಮ್ಮ ರಸ್ತೆಯವರೆಲ್ಲ ಇದ್ದರು. ಆಯೋಗ ಬಂದರೆ ಎಲ್ಲರ ಮನೆಗೂ ಸಿಗುತ್ತದೆ ಎಂದೆ. ಪಕ್ಕದ ಮನೆ ಡಾರ್ಲಾ ಮೊದಲು ತಲೆಯಾಡಿಸಿದಳು.

"ಬರ್ತೀವಿ ಬಿಡೇ. ನಿಂಗೋಸ್ಕರ ಅಷ್ಟೂ ಮಾಡದಿದ್ರೆ ಹೆಂಗೆ?"

ಎಲ್ರಾಯ್ — ನಮ್ಮ ಅಗ್ನಿಶಾಮಕ ದಳದ ಮುಖ್ಯಸ್ಥ, ಆಂಬುಲೆನ್ಸ್ ಓಡಿಸುವವನೂ ಅವನೇ, ಸ್ಟ್ರೋಕ್ ಆದ ದಿನ ಡೆಲ್ಮರನನ್ನು ಕರೆದೊಯ್ದವನು — ಅವನಿಗೂ ಬೇಕು. "ಈ ರಸ್ತೇಲಿರೋ ನಮ್ ಫೈರ್ ಠಾಣೇಲಿ ಇಂಟರ್ನೆಟ್ ಸರಿಯಿದ್ರೆ ಡಾಕ್ಟ್ರು ಅಲ್ಲಿಂದ್ಲೇ ನೋಡಿ ಹೇಳ್ಬೋದು. ಆವತ್ತು ಡೆಲ್‌ನ ಕಾಲ ಹತ್ರ ಕೂತ್ಕೊಂಡು ಫೋನ್ ಹಿಡಿದು ಸಿಗ್ನಲ್ ಹುಡುಕ್ತಾ ಇದ್ದೆ ನಾನು."

ಚರ್ಚಿನ ವ್ಯಾನ್ ತುಂಬುವಷ್ಟು ಜನ. ಮನೆಗೆ ಬಂದು ಡೆಲ್ಮರ್‌ಗೆ ಹೇಳಿದೆ. ಹೂಂ ಅಂದ. ಈ ಸಲ ಅದು ನಿಜವಾದ ಹೂಂ.

ಫೆಬ್ರವರಿ 11, ಮಂಗಳವಾರ, ರಾಜಧಾನಿಯಿಂದ ಬಂದ ಮೇಲೆ

ಕೋಟನ್ನೂ ಬಿಚ್ಚದೆ ಬರೆಯಲು ಕೂತಿದ್ದೇನೆ. ಚಳಿಗಲ್ಲ.

ಹೋಗುವಾಗ ಮದುವೆ ದಿಬ್ಬಣದ ಸಡಗರ. ಡಾರ್ಲಾ ಗಸಗಸೆ ತುಂಬಿದ ಸಿಹಿ ಬನ್ನು, ಕೊಲಾಚಿ, ಮಾಡಿ ತಂದಿದ್ದಳು. ಹಾಡು, ನಗು. ನನ್ನಂಥ ಮೂರ್ಖಳಿಲ್ಲ.

ಅಲ್ಲಿಯ ಪದ್ಧತಿ ಗೊತ್ತಿರುವುದೇ. ಮೊದಲು ಮಸೂದೆಯ ಪರ ಇರುವವರು, ಆಮೇಲೆ ವಿರೋಧ ಇರುವವರು, ಕೊನೆಗೆ ತಟಸ್ಥರು. ಮೇಜಿನ ಮುಂದೆ ಕೂತು ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಬೇಕು. ಕೆಂಪು ದೀಪ ಹತ್ತಿದರೆ ಬಾಯಿ ಮುಚ್ಚಬೇಕು. ನಾನೇ ಮೊದಲು ಹೋದೆ. ಲವೋನ್ ಹ್ರುಸ್ಕಾ. ಡೆಲ್ಮರ್ ವಿಷಯ ಹೇಳಿದೆ, ಕೇಬಲ್ ವಿಷಯ ಹೇಳಿದೆ. ಬಂದು ಕೂತೆ.

"ಪರವಾಗಿ ಮಾತಾಡೋರು ಇನ್ಯಾರಾದ್ರೂ ಇದೀರಾ?" ಎಂದಳು ಸಮಿತಿಯ ಅಧ್ಯಕ್ಷೆ.

ಪಕ್ಕಕ್ಕೆ ತಿರುಗಿದೆ. ಡಾರ್ಲಾ ಕೈಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು. ಎಲ್ರಾಯ್‌ಗೆ ಚಾವಣಿಯ ಚಿತ್ತಾರದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತ್ತು.

"ಏಳೇ!" ಮೊಣಕೈಯಿಂದ ತಿವಿದೆ.

"ಇರು ಲವೋನ್. ನಮ್ ಸರದಿ ಬರುತ್ತೆ."

ವಿರೋಧದವರ ಸರದಿ. ಇಂಟರ್ನೆಟ್ ಮಾರುವ ಪ್ರೇರಿ ಲಿಂಕ್ ಕಂಪನಿಯ ವಕೀಲ ಕೂತ. ಸರ್ಕಾರ ವ್ಯಾಪಾರಕ್ಕಿಳಿಯಬಾರದು, ಹಾಗೆ, ಹೀಗೆ. ಅವನ ಹಿಂದಿನ ಕುರ್ಚಿಯಲ್ಲಿ ನಮ್ಮ ಕರ್ಟ್. ಕಂಪನಿಯ ವೆಸೆಲಿ ಕಚೇರಿಯ ಮ್ಯಾನೇಜರ್, ಡೆಲ್ಮರನ ಕ್ಲಾಸ್‌ಮೇಟ್, ಚರ್ಚಿನಲ್ಲಿ ನಮ್ಮ ಮುಂದಿನ ಸಾಲು. ತಿರುಗಿ ನಮ್ಮವರಿಗೆ ಕೈ ಬೀಸಿದ. ನಮ್ಮವರೂ ಬೀಸಿದರು!

"ತಟಸ್ಥರು ಯಾರಾದ್ರೂ?"

ಇಡೀ ಸಾಲು ಎದ್ದಿತು.

ಡಾರ್ಲಾ ಹೆಸರು ಬಿಡಿಸಿ ಹೇಳಿ, ಗಂಟಲು ಸರಿಮಾಡಿಕೊಂಡಳು. "ನಮ್ಗೆ ಯಾರ ಮೇಲೂ ಬೇಜಾರಿಲ್ಲ ಮೇಡಂ. ಲವೋನ್ ಒಳ್ಳೇವ್ಳು. ಕರ್ಟೂ ಒಳ್ಳೇವ್ನೇ, ಹಿಮದಲ್ಲಿ ನಮ್ ಕಾರು ಎಳ್ಕೊಟ್ಟವ್ನು. ಇಂಟರ್ನೆಟ್ ಚೆನ್ನಾಗಾದ್ರೆ ಒಳ್ಳೇದೇ. ಆಗದಿದ್ರೂ... ಹೆಂಗೋ ನಡೀತಿದೆ."

ಎಲ್ರಾಯ್: "ಪ್ರತಿ ವರ್ಷ ನಮ್ ದಳದ ಊಟಕ್ಕೆ ಮಾಂಸ ಕಂಪನಿಯೋರೇ ಕೊಡೋದು. ಅದನ್ನೂ ಹೇಳ್ಬೇಕಲ್ವಾ? ನ್ಯಾಯ ಅಂದ್ಮೇಲೆ ನ್ಯಾಯ."

ಒಬ್ಬರಾದ ಮೇಲೆ ಒಬ್ಬರು. ಎಲ್ಲರದ್ದೂ ಅಡ್ಡಗೋಡೆಯ ಮೇಲೆ ದೀಪ.

ಅಧ್ಯಕ್ಷೆ ಕನ್ನಡಕ ತೆಗೆದಳು. "ಅಂದ್ರೆ, ಆ ರಸ್ತೇಲಿರೋ ನಿಮ್ಗೇ ಇದು ಬೇಕೇ ಬೇಕು ಅಂತೇನಿಲ್ಲ?"

"ಹಾಗೂ ಹೇಳಕ್ಕಾಗಲ್ಲ, ಹೀಗೂ ಹೇಳಕ್ಕಾಗಲ್ಲ ಮೇಡಂ," ಎಂದಳು ಡಾರ್ಲಾ, ನಗುನಗುತ್ತಾ.

ವಾಪಸ್ ಬರುವಾಗ ನನ್ನ ಮುಂದೆ ಕೊಲಾಚಿ ಡಬ್ಬಿ ಹಿಡಿದಳು. "ನೀನೇ ತಿನ್ನು," ಎಂದೆ. ಆಮೇಲೆ ವ್ಯಾನಿನಲ್ಲಿ ಯಾರೂ ಹಾಡಲಿಲ್ಲ.

ಫೆಬ್ರವರಿ 12

ಡಾರ್ಲಾ ಫೋನ್.

"ಕೋಪ ಬಂದಿದ್ಯಾ? ವಿರೋಧ ಅಂತ ಒಬ್ರಾದ್ರೂ ಅಂದ್ವಾ ಹೇಳು?"

"ಪರ ಅಂತ ಒಬ್ರಾದ್ರೂ ಅಂದ್ರಾ?"

"ಕರ್ಟ್ ಅಲ್ಲೇ ಕೂತಿದ್ನಲ್ಲೇ! ಭಾನುವಾರ ಅವ್ನ ಮುಖ ನೋಡ್ಬೇಡ್ವಾ?"

"ನನ್ ಮುಖ?"

"ನೀನು ಅರ್ಥ ಮಾಡ್ಕೋತೀಯ ಅಂದ್ಕೊಂಡೆ ಮಾರಾಯ್ತಿ..."

ಫೋನ್ ಇಟ್ಟೆ. ಅರ್ಥ ಮಾಡಿಕೊಳ್ಳುವವಳು ಅಂತ ಒಬ್ಬಳು ಸಿಕ್ಕರೆ ಸಾಕು, ಊರಿನ ಹೊರೆಯೆಲ್ಲ ಅವಳ ತಲೆಗೇ. ವಕೀಲನ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ಅವನು ಎದುರಾಳಿ ಎಂದು ಹೇಳಿಕೊಂಡೇ ಬಂದಿದ್ದ.

ಮಾರ್ಚ್ 19

ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳ.

ಸೆನೆಟರ್ ಪವೆಲ್ಕಾ ಫೋನ್ ಮಾಡಿದ್ದಳು. ಮಸೂದೆ ಬದುಕಿದೆ, ಕಾಲು ಮುರಿದುಕೊಂಡು. ಜನರೇ ಗಟ್ಟಿಯಾಗಿ ಬೇಕು ಅನ್ನದಿದ್ದ ಮೇಲೆ ಕಂಪನಿ ಕೇಳಿದ ತಿದ್ದುಪಡಿಗೆ ಒಪ್ಪಲೇಬೇಕಾಯಿತಂತೆ. ಕಂಪನಿಯ ಸೇವೆ ಇರುವ ಕಡೆ ಆಯೋಗ ಕಾಲಿಡುವಂತಿಲ್ಲ.

"ಸೇವೆ ಇದೆ ಅಂದ್ರೆ ಏನರ್ಥ ಸೆನೆಟರ್?"

"ಒಂದು ರಸ್ತೇಲಿ ಒಂದೇ ಒಂದು ಮನೆಗೆ ಅವ್ರ ಫೈಬರ್ ಹೋಗಿದ್ರೂ ಇಡೀ ರಸ್ತೆಗೆ ಸೇವೆ ಇದೆ ಅಂತ್ಲೇ ಲೆಕ್ಕ."

"ನಮ್ಮಲ್ಲಿ ಒಂದು ಮನೆಗೂ ಇಲ್ವಲ್ಲ."

"ಅದೇ ನಿಮ್ಮ ಅದೃಷ್ಟ. ನಿಮ್ಮ ರಸ್ತೆ ಮೊದಲ ಹಂಚಿಕೇಲೇ ಬರುತ್ತೆ. ಬರೋ ವರ್ಷ ವಸಂತಕ್ಕೆ."

ಬರುವ ವರ್ಷ. ಡೆಲ್ಮರನ ವರ್ಷ ಸೆಪ್ಟೆಂಬರ್‌ಗೆ ಮುಗಿಯುತ್ತದೆ.

ಏಪ್ರಿಲ್ 22

ಕಾನೂನಾಯಿತು. ಆಯೋಗ ಹುಟ್ಟಿತು. ಐದು ಜನ ಸದಸ್ಯರಂತೆ, ಕಚೇರಿಯಂತೆ. ಡಾರ್ಲಾ ಬೇಲಿಯಾಚೆಯಿಂದ ಕೂಗಿದಳು — "ಗೆದ್ವಲ್ಲೇ ಲವೋನ್!"

ಗೆದ್ದೆವಂತೆ. ಯಾವ ಬಾಯಲ್ಲಿ ಹೇಳುತ್ತಾಳೋ. ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಮೇ 1

ಡೆಲ್ಮರ್‌ಗೆ ಎರಡನೆಯ ಮಾತು ಬಂತು. "ಬೇಡ." ಖುಷಿಗೆ ಕುಣಿದೆ. ಕಾಫಿ ಕೊಡಲಾ ಎಂದೆ, "ಬೇಡ" ಎಂದು ಕೈ ಚಾಚಿದ. ಹೂಂ, ಬೇಡ ಎರಡೂ ಅದಲುಬದಲು. ಇದು ಸಹಜ, ಈಗಲೇ ಬಿಡದೆ ಅಭ್ಯಾಸ ಮಾಡಿಸಬೇಕು ಎಂದಳು ಪ್ರಿಸಿಲ್ಲಾ. ಎನ್ನುವಾಗಲೇ ಕಲ್ಲಾದಳು. ಆಮೇಲೆ ಆಸ್ಪತ್ರೆಯಿಂದ ಫೋನ್ — ಸಂಪರ್ಕ ಸರಿಹೋಗದಿದ್ದರೆ ಜೂನ್ ಮುಗಿದ ಮೇಲೆ ಈ ಸಮಯವನ್ನು ಬೇರೆ ರೋಗಿಗೆ ಕೊಡುತ್ತಾರಂತೆ. ಕಾಯುವವರು ಬಹಳ ಇದ್ದಾರಂತೆ.

ಮೇ 6

ಕರ್ಟ್ ಬಂದಿದ್ದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಸಾವಿನ ಮನೆಗೆ ಬಂದವರ ಹಾಗೆ.

"ಡೆಲ್‌ನ ಹೀಗೆ ನೋಡಕ್ಕಾಗಲ್ಲ ಲವೋನ್. ಕಂಪನಿ ಜೊತೆ ಮಾತಾಡ್ದೆ. ನಿಮ್ಮನೆಗೆ ಫೈಬರ್ ಎಳ್ಕೊಡ್ತೀವಿ. ಪುಕ್ಕಟೆ. ಇದೇ ತಿಂಗಳು."

"ನಮ್ಮನೆಗೆ ಮಾತ್ರ."

"ಸದ್ಯಕ್ಕೆ."

"ನಮ್ಮನೆಗೆ ಬಂದ್ರೆ ರಸ್ತೆ ಪೂರ್ತಿ ಕಂಪನಿ ಲೆಕ್ಕಕ್ಕೆ. ಆಯೋಗ ಈ ಕಡೆ ತಲೆ ಹಾಕಂಗಿಲ್ಲ. ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

"ಕಾನೂನು ನಾನು ಬರೆದಿದ್ದಲ್ಲ."

"ನಿನ್ ವಕೀಲ ಬರೆದಿದ್ದು!"

ಟೋಪಿ ತಿರುಗಿಸಿದ. ಆಮೇಲೆ ಮೆಲ್ಲಗೆ ಕೇಳಿದ — "ಆವತ್ತು ಅವ್ರಲ್ಲಿ ಒಬ್ರಾದ್ರೂ ನಿನ್ ಪರ ಎದ್ರಾ? ಅವ್ರಿಗೋಸ್ಕರ ಡೆಲ್ ಮೂಕನಾಗಿ ಇರ್ಬೇಕಾ?"

ಎದ್ದು ಹೋಗು ಅಂದೆ. ಹೋದ. ಎಷ್ಟೋ ಹೊತ್ತು ಬಾಗಿಲ ಹಿಡಿ ಹಿಡಿದು ನಿಂತಿದ್ದೆ. ಸಿಟ್ಟು ಅವನು ಹೇಳಿದ್ದಕ್ಕಲ್ಲ. ಫೆಬ್ರವರಿಯಿಂದ ನಾನೂ ಅದನ್ನೇ ಹೇಳಿಕೊಳ್ಳುತ್ತಿದ್ದೆನಲ್ಲ, ಅದಕ್ಕೆ.

ಮೇ 9, ಶುಕ್ರವಾರ

ಕರ್ಟ್‌ಗೆ ಫೋನ್ ಮಾಡಿದೆ. ಬಂದು ಅಗಿ ಎಂದೆ.

ಡಾರ್ಲಾ ಹೆಂಗೋ ನಡೆಸಲಿ. ಅವಳೇ ಹೇಳಿದ್ದಲ್ಲವೇ, ಹೆಂಗೋ ನಡೀತಿದೆ ಅಂತ. ಎಲ್ರಾಯ್ ಕಂಪನಿಯ ಮಾಂಸ ತಿಂದುಕೊಂಡು ಸಿಗ್ನಲ್ ಹುಡುಕಲಿ. ನನಗೆ ನನ್ನ ಗಂಡನ ಮಾತು ಬೇಕು. ನಾಚಿಕೆಯೇನಿಲ್ಲ ನನಗೆ.

ಊಟದ ಹೊತ್ತಿಗೆ ಡೆಲ್ಮರ್‌ಗೆ ಎಲ್ಲವನ್ನೂ ಹೇಳಿದೆ. ಮುಚ್ಚಿಡಲಿಲ್ಲ. ನಮಗೆ ಬಂದರೆ ಅವರಿಗಿಲ್ಲ, ಠಾಣೆಗೂ ಇಲ್ಲ ಎಂದು ಕೂಡ. ತಟ್ಟೆ ನೋಡುತ್ತಾ "ಹೂಂ" ಅಂದ. ಹೂಂ ಎಂದರೆ ಹೂಂ ಎಂದೇ ತೆಗೆದುಕೊಂಡೆ.

ಮೇ 20, ಮಂಗಳವಾರ, ಬೆಳಿಗ್ಗೆ

ಅಗೆಯುವ ಯಂತ್ರ ಬಂದಿದೆ. ಕರ್ಟ್ ತಾನೇ ಬಂದಿದ್ದಾನೆ, ಇಬ್ಬರು ಕೆಲಸದವರ ಜೊತೆ. ಗೇಟಿನಿಂದ ಮನೆಯವರೆಗೆ ಹುಲ್ಲಿನ ಮೇಲೆ ಬಣ್ಣದ ಗೆರೆ ಹಾಕಿದರು. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಡೆಲ್ಮರ್ ನನ್ನ ಪಕ್ಕದಲ್ಲೇ ಇಳಿದು ಹೋದ. ಬೂಟು ತಾನೇ ಹಾಕಿಕೊಂಡಿದ್ದ, ಎಡದ್ದು ಬಲಕ್ಕೆ. ಗೆರೆಯ ಮೇಲೆ, ಯಂತ್ರದ ಮುಂದೆ ಹೋಗಿ ನಿಂತ.

"ಬೇಡ."

ಕೆಲಸದವನು ಎಂಜಿನ್ ಆರಿಸಿದ. ಕರ್ಟ್ ನನ್ನ ಕಡೆ ನೋಡಿದ.

"ಅವ್ನಿಗೆ ಹೂಂ-ಬೇಡ ಅದಲುಬದಲಾಗುತ್ತೆ ಕರ್ಟ್," ಎಂದೆ. "ಬೇಡ ಅಂದ್ರೆ ಹೂಂ ಅಂತ. ನೀನು ಶುರು ಮಾಡ್ಸು."

ನಾನೇ ಹೇಳಿದೆ. ನನ್ನ ಬಾಯಿಂದಲೇ ಬಂತು, ತಡವರಿಸಲೂ ಇಲ್ಲ.

ಡೆಲ್ಮರ್ ತಿರುಗಿದ. ಸ್ಟ್ರೋಕ್ ಆದಂದಿನಿಂದ ಅವನ ಕಣ್ಣಲ್ಲಿ ಸಿಟ್ಟು ನೋಡಿರಲಿಲ್ಲ. ಬರೀ ಗೊಂದಲ, ಬರೀ ನಾಚಿಕೆ. ಇವತ್ತು ಸಿಟ್ಟಿತ್ತು, ನನ್ನ ಮೇಲೆ. ತುಟಿ ಒದ್ದಾಡಿತು. ದವಡೆ ಗಟ್ಟಿಯಾಯಿತು. ಎಷ್ಟು ಹೊತ್ತು ಬೇಕಾಯಿತೋ.

"ಲ... ಲವೋನ್. ಬೇಡ."

ನನ್ನ ಹೆಸರು. ಸೆಪ್ಟೆಂಬರ್ ಆದ ಮೇಲೆ ಮೊದಲ ಸಲ. ಇಷ್ಟು ತಿಂಗಳು ಕಾದದ್ದು ಇದಕ್ಕೇ, ಬಂದದ್ದು ಹೀಗೆ. ಕರ್ಟ್‌ಗೂ ಅರ್ಥವಾಯಿತು, ಕೆಲಸದವರಿಗೂ ಅರ್ಥವಾಯಿತು. ಆದರೂ ಕರ್ಟ್ ಕೈಕಟ್ಟಿ ನಿಂತ — "ಮನೆಯೊಡತಿ ನೀನು. ನೀನು ಹೇಳಿದ್ ಹಾಗೆ, ಲವೋನ್."

ಅವನ ಮಾತ್ರೆ ತರುತ್ತೇನೆ ಎಂದು ಒಳಗೆ ಬಂದೆ. ಸುಳ್ಳು. ಅವನ ಮುಖ ನೋಡಲಾಗಲಿಲ್ಲ. ಕೂತು ಇದನ್ನು ಬರೆಯುತ್ತಿದ್ದೇನೆ. ಅವನು ಒಪ್ಪದಿದ್ದರೆ ಜೂನ್ ಮುಗಿದ ಮೇಲೆ ಪ್ರಿಸಿಲ್ಲಾ ಇಲ್ಲ. ಈ ಮೂರು ಮಾತಿನ ಮುಂದೆ ಇನ್ನೊಂದು ಬರದೆಯೂ ಇರಬಹುದು. ಅದು ಅವನಿಗೆ ಗೊತ್ತು. ನನಗಿಂತ ಚೆನ್ನಾಗಿ ಗೊತ್ತು. ಯಾರಿಗೋಸ್ಕರ ಡೆಲ್, ಆ ಡಾರ್ಲಾಗೋಸ್ಕರವಾ?! ಕಿರುಚಬೇಕು ಅನ್ನಿಸುತ್ತಿದೆ.

ಕಿಟಕಿಯಿಂದ ಕಾಣುತ್ತಿದ್ದಾನೆ. ಬಿಸಿಲು ಏರಿದೆ. ಗೆರೆ ಬಿಟ್ಟು ಕದಲುತ್ತಿಲ್ಲ. ಕೆಲಸದವನು ಮತ್ತೆ ಯಂತ್ರ ಹತ್ತುತ್ತಿದ್ದಾನೆ. ಕರ್ಟ್ ಮನೆಯ ಕಡೆಗೇ ನೋಡುತ್ತಿದ್ದಾನೆ, ನನ್ನ ಉತ್ತರಕ್ಕೆ. ಹೋಗಿ ಹೇಳುತ್ತೇನೆ, ಆ ಯಂತ್ರವನ್ನು ನನ್ನ ಅಂಗಳದಿಂದ ಆಚೆ ತೆಗೆದುಕೊಂಡು ಹೋಗು ಎಂದು.